ಶಾಲೆಯ ಕಟ್ಟಳೆ ಮತ್ತು ಓರಗೆಯ ಸ್ನೇಹ: ಕೆಲವು ಸಂಸ್ಕೃತಿಗಳ ಸಮೀಕ್ಷೆ

ಯಾವ ದೇಶದ ಶಾಲೆಯನ್ನು ನೋಡಿದರೂ ಅಲ್ಲಿ ಎರಡು ಬಗೆಯ ಕಟ್ಟುಪಾಡುಗಳು ಏಕಕಾಲದಲ್ಲಿ ಚಲಾವಣೆಯಲ್ಲಿರುತ್ತವೆ. ಒಂದು, ಆಡಳಿತದವರು ಬರೆದು, ಸಹಿ ಹಾಕಿ, ಗೋಡೆಗೆ ಅಂಟಿಸುವ ನಿಯಮಾವಳಿ; ಇನ್ನೊಂದು, ಯಾರೂ ಬರೆಯದಿದ್ದರೂ ಮಕ್ಕಳೆಲ್ಲರಿಗೂ ಬಾಯಿಪಾಠವಾಗಿರುವ ಸ್ನೇಹದ ಕಟ್ಟಳೆ. ಗೆಳೆಯನ ಮೇಲೆ ಚಾಡಿ ಹೇಳಬಾರದು, ತಿಂಡಿಯನ್ನು ಒಬ್ಬರೇ ತಿನ್ನಬಾರದು, ಜೊತೆಗಾರ ಠೂ ಬಿಟ್ಟವನೊಡನೆ ತಾನೂ ಮಾತಾಡಬಾರದು ಎಂಬಂಥ ಈ ಕಟ್ಟಳೆಗಳಿಗೆ ಮೇಲ್ಮನವಿಯಿಲ್ಲ, ಶಿಕ್ಷೆಯೂ ತತ್‌ಕ್ಷಣದ್ದು. ಎರಡರ ನಡುವೆ ತಿಕ್ಕಾಟ ಬಂದಾಗ ಅದನ್ನು ಶಿಸ್ತಿನ ಸಮಸ್ಯೆಯೆಂದು ಬಗೆಯುವುದು ಶಿಕ್ಷಕರ ರೂಢಿ. ಆದರೆ ಕಳೆದ ಒಂಬತ್ತು ದಶಕಗಳಲ್ಲಿ ಬೇರೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ನಿಯಮಕ್ಕೆ ಕೊಡುವ ಗೌರವದಲ್ಲಿ ಮಕ್ಕಳು ಹೆಚ್ಚುಕಡಿಮೆ ಎಲ್ಲೆಡೆ ಒಂದೇ ತೆರನಾಗಿದ್ದಾರೆಂದೂ, ಸಂಸ್ಕೃತಿಗಳ ನಿಜವಾದ ಅಂತರವಿರುವುದು ಸ್ನೇಹವನ್ನು ವೈಯಕ್ತಿಕ ಇಷ್ಟದ ಖಾತೆಗೆ ಹಾಕುವುದೋ ಕರ್ತವ್ಯದ ಖಾತೆಗೆ ಹಾಕುವುದೋ ಎಂಬಲ್ಲಿಯೇ ಎಂದೂ ತೋರುತ್ತದೆ. ಶಾಲೆಯ ಯಾವ ನಿಯಮ ನಿಲ್ಲುತ್ತದೆ, ಯಾವುದು ಕಾಗದದಲ್ಲಿಯೇ ಉಳಿಯುತ್ತದೆ ಎಂಬುದನ್ನು ಬಹುಮಟ್ಟಿಗೆ ಈ ಖಾತೆಯೇ ನಿರ್ಧರಿಸುತ್ತದೆ.

ಈ ವಿಚಾರಕ್ಕೆ ಶಾಸ್ತ್ರೀಯ ತಳಹದಿ ಹಾಕಿದವನು ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ. ಗೋಲಿಯಾಡುವ ಹುಡುಗರ ನಡುವೆ ಕುಳಿತು, ಆಟದ ನಿಯಮ ಎಲ್ಲಿಂದ ಬಂತು, ಅದನ್ನು ಬದಲಾಯಿಸಬಹುದೇ ಎಂದು ಅವರನ್ನೇ ಕೇಳಿ, 1932ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆತ ಎರಡು ಬಗೆಯ ನೈತಿಕತೆಯನ್ನು ಗುರುತಿಸಿದ. ಚಿಕ್ಕ ಮಕ್ಕಳಿಗೆ ನಿಯಮವೆಂದರೆ ಹಿರಿಯರಿಂದ ಇಳಿದು ಬಂದ, ಮುಟ್ಟಬಾರದ ವಸ್ತು; ಹತ್ತು ಹನ್ನೊಂದರ ವಯಸ್ಸಿನ ಹೊತ್ತಿಗೆ ಅದು ಆಡುವವರು ಪರಸ್ಪರ ಒಪ್ಪಿ ಮಾಡಿಕೊಂಡ, ಒಪ್ಪಿದರೆ ತಿದ್ದಬಹುದಾದ ಕರಾರಾಗುತ್ತದೆ. ಈ ಬದಲಾವಣೆಯನ್ನು ತರುವವರು ತಂದೆತಾಯಿಯರಾಗಲಿ ಶಿಕ್ಷಕರಾಗಲಿ ಅಲ್ಲ, ಸರಿಸಮಾನರಾದ ಒಡನಾಡಿಗಳು ಎಂಬುದು ಪಿಯಾಜೆಯ ವಾದದ ತಿರುಳು. ಅಂದರೆ ನಿಯಮದ ಅರ್ಥವನ್ನು ಮಗು ಕಲಿಯುವುದೇ ಗೆಳೆತನದಲ್ಲಿ. ಅನಂತರ ಅಮೆರಿಕದ ಎಲಿಯಟ್ ಟ್ಯೂರಿಯೆಲ್ ಇದಕ್ಕೆ ಮುಖ್ಯವಾದ ತಿದ್ದುಪಡಿಯೊಂದನ್ನು ಸೂಚಿಸಿದ. ಪುಟ್ಟ ಮಕ್ಕಳು ಕೂಡ ಎಲ್ಲ ನಿಯಮಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಇನ್ನೊಬ್ಬರಿಗೆ ನೋವಾಗುವ ಕೃತ್ಯಗಳು ನೈತಿಕ ವಲಯಕ್ಕೂ, ಸಮವಸ್ತ್ರ ಅಥವಾ ಸಾಲಿನಲ್ಲಿ ನಿಲ್ಲುವಂಥವು ರೂಢಿಯ ವಲಯಕ್ಕೂ, ಯಾರನ್ನು ಗೆಳೆಯನೆಂದು ಆರಿಸಿಕೊಳ್ಳಬೇಕೆಂಬುದು ವೈಯಕ್ತಿಕ ವಲಯಕ್ಕೂ ಸೇರಿದವೆಂದು ಅವರು ವಿಂಗಡಿಸುತ್ತಾರೆ. ಮೇಷ್ಟ್ರು ಅನುಮತಿ ಕೊಟ್ಟರೆ ಸಮವಸ್ತ್ರವಿಲ್ಲದೆ ಬರಬಹುದು, ಆದರೆ ಮೇಷ್ಟ್ರು ಹೇಳಿದರೂ ಇನ್ನೊಬ್ಬನಿಗೆ ಹೊಡೆಯುವುದು ತಪ್ಪೇ ಎಂದು ಹೇಳುವ ಮಗುವಿಗೆ ಈ ಗಡಿಗಳು ಗೊತ್ತಿವೆ. ಇದರಲ್ಲಿ ಮೂರನೆಯ ವಲಯವೇ ಪೂರ್ವ–ಪಶ್ಚಿಮಗಳ ಚರ್ಚೆಯಲ್ಲಿ ಕಗ್ಗಂಟಾಯಿತು. ಸ್ನೇಹ ನಿಜಕ್ಕೂ ಎಲ್ಲೆಡೆ ವೈಯಕ್ತಿಕ ವಿಷಯವೇ ಎಂಬ ಪ್ರಶ್ನೆ ಅಲ್ಲಿ ಹುಟ್ಟಿತು.

ಪ್ರಶ್ನೆಗೆ ಮೊದಲ ಅಳತೆಗೋಲು ಸಿಕ್ಕಿದ್ದು ಪರೀಕ್ಷಾ ಕೊಠಡಿಯಲ್ಲಿ. 1949ರಲ್ಲಿ ಸ್ಯಾಮ್ಯುಯೆಲ್ ಸ್ಟೌಫರ್ ಎಂಬ ಸಮಾಜಶಾಸ್ತ್ರಜ್ಞ ಹಾರ್ವರ್ಡಿನ ವಿದ್ಯಾರ್ಥಿಗಳ ಮುಂದೆ ಒಂದು ಸನ್ನಿವೇಶವನ್ನು ಇಟ್ಟ: ಕೊಠಡಿ ಮೇಲ್ವಿಚಾರಕನಾಗಿ ನಿಂತಿರುವಾಗ ಒಬ್ಬನು ಕಾಪಿ ಹೊಡೆಯುವುದು ಕಣ್ಣಿಗೆ ಬೀಳುತ್ತದೆ, ಆತ ಅಪರಿಚಿತನಾದರೆ ಏನು ಮಾಡುವುದು, ಒಂದೇ ಕೋಣೆಯಲ್ಲಿ ವಾಸಿಸುವ ಆಪ್ತ ಗೆಳೆಯನಾದರೆ ಏನು ಮಾಡುವುದು? ಅಪರಿಚಿತನ ವಿಷಯದಲ್ಲಿ ಕಟ್ಟುನಿಟ್ಟಾಗಿದ್ದವರು ಗೆಳೆಯನ ವಿಷಯಕ್ಕೆ ಬಂದಾಗ ಸಡಿಲವಾದರು. ಅದರಲ್ಲಿಯೂ ಸಂಗತಿ ಅಧಿಕಾರಿಗಳಿಗೆ ತಿಳಿಯುವಂತಿಲ್ಲವೆಂದಾಗ ಇನ್ನಷ್ಟು ಸಡಿಲವಾದರು. ನಿಯಮ ಎಲ್ಲರಿಗೂ ಒಂದೇ ಎಂಬ ನಿಲುವನ್ನು ಸಾರ್ವತ್ರಿಕ ನಿಷ್ಠೆ ಎಂದೂ, ಸಂಬಂಧವನ್ನು ನೋಡಿ ನಿಯಮವನ್ನು ಅನ್ವಯಿಸಬೇಕೆಂಬ ನಿಲುವನ್ನು ಸಂಬಂಧನಿಷ್ಠೆ ಎಂದೂ ಕರೆಯಬಹುದಾದ ವಿಭಾಗವನ್ನು ಸ್ಟೌಫರ್ ಮತ್ತು ಜಾಕ್ಸನ್ ಟೋಬಿ 1951ರಲ್ಲಿ ವಿಸ್ತರಿಸಿದರು. ಮುಂದೆ ಈ ವಿಭಾಗವನ್ನು ವ್ಯಾಪಾರ ನಿರ್ವಹಣೆಯ ಪುಸ್ತಕಗಳು ಎತ್ತಿಕೊಂಡು, ಪಾಶ್ಚಾತ್ಯರು ನಿಯಮಪಾಲಕರು, ಉಳಿದವರು ಬಂಧುಪ್ರಿಯರು ಎಂಬ ಒರಟು ನಕ್ಷೆಯನ್ನು ಬಿಡಿಸಿದವು. ಆದರೆ ಮೂಲ ಅಧ್ಯಯನದಲ್ಲಿ ಗೆಳೆಯನ ಕಡೆಗೆ ವಾಲಿದವರು ಹಾರ್ವರ್ಡಿನ ವಿದ್ಯಾರ್ಥಿಗಳೇ ಎಂಬುದನ್ನು ಆ ಪುಸ್ತಕಗಳು ಮರೆತಂತಿವೆ.

ಇದಕ್ಕಿಂತ ಸೂಕ್ಷ್ಮವಾದ ಹೋಲಿಕೆಗೆ ನೆಲೆಯಾದದ್ದು ಮೈಸೂರು. ಜೋನ್ ಮಿಲ್ಲರ್ ಮತ್ತು ಅವರ ಸಹೋದ್ಯೋಗಿಗಳು ಅಮೆರಿಕದ ನ್ಯೂ ಹೇವನ್ ನಗರದ ಮತ್ತು ಮೈಸೂರಿನ ಮಕ್ಕಳನ್ನೂ ವಯಸ್ಕರನ್ನೂ ಹೋಲಿಸಿ 1990 ಮತ್ತು 1992ರಲ್ಲಿ ಪ್ರಕಟಿಸಿದ ಅಧ್ಯಯನಗಳು ಇಂದಿಗೂ ಈ ಕ್ಷೇತ್ರದ ಮುಖ್ಯ ಆಧಾರಗಳು. ಅವುಗಳಲ್ಲಿ ಹೆಸರಾದ ಸನ್ನಿವೇಶವೊಂದರಲ್ಲಿ ಆಪ್ತ ಗೆಳೆಯನ ಮದುವೆಗೆ ಉಂಗುರ ತಲುಪಿಸಬೇಕಾದವನ ಹಣ ಕಳುವಾಗಿದೆ. ರೈಲು ಹೊರಡುವ ಹೊತ್ತು. ಪಕ್ಕದಲ್ಲಿ ಅಪರಿಚಿತನೊಬ್ಬ ಬಿಟ್ಟುಹೋದ ಕೋಟಿನ ಜೇಬಿನಲ್ಲಿ ಟಿಕೆಟ್ ಕಾಣುತ್ತದೆ. ಟಿಕೆಟ್ ಕದಿಯುವುದು ತಪ್ಪು, ಮದುವೆಗೆ ತಲುಪದಿರುವುದೂ ತಪ್ಪು. ಇಂಥ ಇಕ್ಕಟ್ಟುಗಳಲ್ಲಿ ಮೈಸೂರಿನವರು ಬಹುಪಾಲು ಸಂದರ್ಭಗಳಲ್ಲಿ ಗೆಳೆಯನಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವ ದಾರಿಯನ್ನು ಆರಿಸಿದರು. ಅಮೆರಿಕನ್ನರಲ್ಲಿ ಹಾಗೆ ಆರಿಸಿದ್ದು ಅರ್ಧಕ್ಕಿಂತ ಕಡಿಮೆ. ಆದರೆ ಅಧ್ಯಯನದ ಬೆಲೆ ಈ ಅಂತರದಲ್ಲಿರುವುದಕ್ಕಿಂತ ಉತ್ತರದಾರರು ಕೊಟ್ಟ ಕಾರಣಗಳಲ್ಲಿದೆ. ಗೆಳೆಯನಿಗೆ ನೆರವಾಗುವುದು ಒಳ್ಳೆಯದೇ, ಆದರೂ ಅದು ಅವರವರ ತೀರ್ಮಾನ ಎಂದು ಅಮೆರಿಕನ್ನರು ನೋಡಿದ ಎಡೆಯಲ್ಲಿ, ಅದು ಮಾಡಲೇಬೇಕಾದ, ಮಾಡದಿದ್ದರೆ ಇತರರು ಪ್ರಶ್ನಿಸಬಹುದಾದ ಕರ್ತವ್ಯವೆಂದು ಮೈಸೂರಿನವರು ಹೇಳಿದರು. ಟ್ಯೂರಿಯೆಲ್ ವೈಯಕ್ತಿಕ ವಲಯಕ್ಕೆ ಸೇರಿಸಿದ್ದನ್ನು ಇಲ್ಲಿನ ಮಕ್ಕಳು ನೈತಿಕ ವಲಯದಲ್ಲಿ ಇಟ್ಟಿದ್ದರು. ಮೈಸೂರಿನವರು ಕಾನೂನನ್ನು ಲೆಕ್ಕಕ್ಕಿಡಲಿಲ್ಲವೆಂದು ಇದರಿಂದ ತಿಳಿಯಬಾರದು. ಅನ್ಯಾಯದ ಪ್ರಮಾಣ ತೀವ್ರವಾದಷ್ಟೂ ಅವರೂ ನ್ಯಾಯದ ಕಡೆಗೆ ಸರಿದರು.

ಕನ್ನಡ ಓದುಗರಿಗೆ ಈ ಫಲಿತಾಂಶ ಅಚ್ಚರಿಯದೇನಲ್ಲ. ಕರ್ಣನ ಋಣನಿಷ್ಠೆಯನ್ನು ಪಂಪನಿಂದ ಇಲ್ಲಿಯವರೆಗಿನ ಓದುಗರು ಮೆಚ್ಚುತ್ತ ಬಂದಿರುವುದು ಆತ ಯಾವ ಪಕ್ಷದಲ್ಲಿದ್ದನೆಂಬುದನ್ನು ಮರೆತಲ್ಲ, ತಿಳಿದೂ. ಒಟ್ಟಿಗೆ ಓದುವಾಗ ಕೊಟ್ಟ ಮಾತನ್ನು ರಾಜನಾದ ಮೇಲೆ ಮರೆತ ದ್ರುಪದನ ಪ್ರಸಂಗ ಕರ್ನಾಟಕದ ಹತ್ತನೆಯ ತರಗತಿಯ ಪಠ್ಯವೂ ಆಗಿದೆ. ಸಹಪಾಠಿಯ ಕೈಬಿಡುವುದು ಎಂಥ ನೀಚತನವೆಂದು ಆ ಪಾಠ ಹೇಳಿಕೊಟ್ಟ ತರಗತಿಯಲ್ಲಿಯೇ, ಪಕ್ಕದ ಬೆಂಚಿನ ಗೆಳೆಯನಿಗೆ ಉತ್ತರ ತೋರಿಸದಿರುವುದು ಸದ್ಗುಣವೆಂದು ಪರೀಕ್ಷೆಯ ದಿನ ಹೇಳಲಾಗುತ್ತದೆ. ಎರಡೂ ಉಪದೇಶಗಳು ಸರಿಯೇ. ಆದರೆ ಅವುಗಳನ್ನು ಹೊಂದಿಸಿಕೊಳ್ಳುವ ಕೆಲಸ ಮಾತ್ರ ಹದಿನೈದು ವರ್ಷದ ಹುಡುಗನ ಪಾಲಿಗೆ ಬಿದ್ದಿರುತ್ತದೆ. 2024ರಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಅಳವಡಿಸಿ ನೇರ ನಿಗಾ ಇಟ್ಟಾಗ, ಹಿಂದಿನ ವರ್ಷ ಶೇಕಡಾ 83.89 ಇದ್ದ ಉತ್ತೀರ್ಣರ ಪ್ರಮಾಣ, ಕೃಪಾಂಕವನ್ನು ಹೆಚ್ಚಿಸಿದ ಬಳಿಕವೂ 73.40ಕ್ಕೆ ಇಳಿಯಿತು. ನಕಲಿನಲ್ಲಿ ಹಿರಿಯರ ಕೈಯೂ ಇರುವುದರಿಂದ ಇಡೀ ಇಳಿಕೆಯನ್ನು ಸ್ನೇಹದ ಲೆಕ್ಕಕ್ಕೆ ಬರೆಯಲಾಗದು. ಆದರೂ ಕ್ಯಾಮೆರಾ ಮಾಡಿದ ಕೆಲಸ ನಿಗಾದ್ದು. ತೋರಿಸುವುದು ದ್ರೋಹವೋ ತೋರಿಸದಿರುವುದು ದ್ರೋಹವೋ ಎಂಬ ಪ್ರಶ್ನೆಗೆ ಅದು ಉತ್ತರವಲ್ಲ.

ಗೆಳೆಯನ ತಪ್ಪನ್ನು ಮುಚ್ಚಬಾರದೆಂದು ವಿದ್ಯಾರ್ಥಿಗೇ ವಿಧಿಸುವ ನಿಯಮಗಳ ಚರಿತ್ರೆ ಈ ಚರ್ಚೆಯ ಅತ್ಯಂತ ಕಠಿಣ ಭಾಗ. ಅಮೆರಿಕದ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯ ಗೌರವ ಸಂಹಿತೆ ಸುಳ್ಳು, ಮೋಸ, ಕಳ್ಳತನಗಳನ್ನು ನಿಷೇಧಿಸುವುದರ ಜೊತೆಗೆ, ಅವನ್ನು ಮಾಡುವವರನ್ನು ಸಹಿಸಿಕೊಳ್ಳುವುದನ್ನೂ ನಿಷೇಧಿಸುತ್ತದೆ. ಗೆಳೆಯನ ಮೋಸವನ್ನು ಕಂಡೂ ಸುಮ್ಮನಿದ್ದವನು ಮೋಸ ಮಾಡಿದವನಷ್ಟೇ ತಪ್ಪಿತಸ್ಥ. 1976ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ವಿಷಯದ ಪರೀಕ್ಷೆಯೊಂದರಲ್ಲಿ ಸಾಮೂಹಿಕ ನಕಲು ಹೊರಬಿದ್ದು ನೂರೈವತ್ತಕ್ಕೂ ಹೆಚ್ಚು ಕೆಡೆಟ್‌ಗಳು ಅಕಾಡೆಮಿಯಿಂದ ಹೊರನಡೆಯಬೇಕಾಯಿತು. ಗಗನಯಾತ್ರಿ ಫ್ರಾಂಕ್ ಬೋರ್ಮನ್ ಅಧ್ಯಕ್ಷತೆಯ ಸಮಿತಿ ತಪ್ಪಿನ ಒಂದು ಪಾಲನ್ನು ಸಂಸ್ಥೆಯ ಮೇಲೂ ಹೊರಿಸಿದ ನಂತರ, ಅವರಲ್ಲಿ ಹಲವರಿಗೆ ಮರಳಿ ಸೇರುವ ಅವಕಾಶ ದೊರೆಯಿತು. ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ 1840ರಲ್ಲಿ ವಿದ್ಯಾರ್ಥಿಯೊಬ್ಬನ ಗುಂಡಿಗೆ ಪ್ರಾಧ್ಯಾಪಕರೊಬ್ಬರು ಬಲಿಯಾದ ತರುವಾಯ 1842ರಲ್ಲಿ ಆರಂಭವಾದ ಗೌರವ ವ್ಯವಸ್ಥೆಯಲ್ಲಿ ಬಹುಕಾಲ ಹೊರಹಾಕುವುದೊಂದೇ ಶಿಕ್ಷೆಯಾಗಿತ್ತು. ವಿದ್ಯಾರ್ಥಿಗಳೇ 2022ರಲ್ಲಿ ಮತ ಹಾಕಿ ಅದನ್ನು ತೆಗೆದರು. ಸಹಪಾಠಿಯ ಬದುಕನ್ನೇ ಕಸಿಯುವಂಥ ಶಿಕ್ಷೆ ಇರುವಲ್ಲಿ ದೂರು ಕೊಡಲು ಕೈ ಮುಂದೆ ಬಾರದೆಂಬುದು ಊಹಿಸಬಹುದಾದದ್ದೇ.

ಸೋವಿಯತ್ ಶಾಲೆ ಇದೇ ಗುರಿಯನ್ನು ಬೇರೆ ದಾರಿಯಿಂದ ಹಿಂಬಾಲಿಸಿತು. ಅನಾಥ ಮತ್ತು ಬೀದಿಮಕ್ಕಳ ವಸಾಹತುಗಳನ್ನು ನಡೆಸಿದ ಆಂಟನ್ ಮಕರೆಂಕೋನ ಸಾಮೂಹಿಕ ಶಿಕ್ಷಣ ಪದ್ಧತಿಯಲ್ಲಿ ತಪ್ಪು ಒಬ್ಬನದಾದರೂ ಹೊಣೆ ತಂಡದ್ದು. ಆದ್ದರಿಂದ ಗೆಳೆಯನನ್ನು ತಿದ್ದುವುದು ಗೆಳೆಯನ ಕೆಲಸವೇ. 1970ರಲ್ಲಿ ಯೂರಿ ಬ್ರಾನ್‌ಫೆನ್‌ಬ್ರೆನರ್ ಪ್ರಕಟಿಸಿದ ಹೋಲಿಕೆ ಈ ಪದ್ಧತಿ ವ್ಯರ್ಥವಾಗಿರಲಿಲ್ಲವೆಂದು ತೋರಿಸುತ್ತದೆ. ಹನ್ನೆರಡರ ಆಸುಪಾಸಿನ ಮಕ್ಕಳನ್ನು, ಪರೀಕ್ಷೆಯ ಉತ್ತರಗಳು ಅಕಸ್ಮಾತ್ ಸಿಕ್ಕರೆ ಗೆಳೆಯರ ಜೊತೆ ಸೇರಿ ಬಳಸುವೆಯಾ ಎಂಬಂಥ ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಸಹಪಾಠಿಗಳು ನೋಡುತ್ತಾರೆಂದು ತಿಳಿಸಿದಾಗ ಅಮೆರಿಕದ ಮಕ್ಕಳು ನಿಯಮ ಮುರಿಯುವ ಕಡೆಗೆ ವಾಲಿದರೆ, ಸೋವಿಯತ್ ಮಕ್ಕಳು ನಿಯಮದ ಕಡೆಗೆ ವಾಲಿದರು. ಆದರೆ ಇದೇ ವ್ಯವಸ್ಥೆ, ತಂದೆಯ ಮೇಲೆಯೇ ದೂರು ಕೊಟ್ಟನೆಂದು ಹೇಳಲಾದ, 1932ರಲ್ಲಿ ಕೊಲೆಯಾದ ಪಾವ್ಲಿಕ್ ಮೊರೊಜೊವ್ ಎಂಬ ಬಾಲಕನನ್ನು ಪಯೋನಿಯರ್ ಎಂಬ ಬಾಲಸಂಘದ ಮಕ್ಕಳಿಗೆ ಮಾದರಿಯೆಂದು ಹಾಡಿಹೊಗಳಿತು. ಆ ಕಥೆಯ ಬಹುಭಾಗ ಕಟ್ಟಿದ್ದೆಂದು ಅನಂತರದ ಇತಿಹಾಸಕಾರರು ತೋರಿಸಿದ್ದಾರೆ. ಪ್ರತಿಮೆಗಳು ಎದ್ದರೂ ಶಾಲೆಯಂಗಳದಲ್ಲಿ ಚಾಡಿಕೋರನಿಗಿದ್ದ ತಿರಸ್ಕಾರ ಕುಂದಲಿಲ್ಲ. ತಂಡದೊಳಗೆ ಮುಖಾಮುಖಿ ತಿದ್ದುವುದನ್ನು ಮಕ್ಕಳು ಒಪ್ಪಿಕೊಂಡಷ್ಟು ಸುಲಭವಾಗಿ ಮೇಲಿನವರಿಗೆ ಹೆಸರು ಒಪ್ಪಿಸುವುದನ್ನು ಒಪ್ಪಿಕೊಳ್ಳಲಿಲ್ಲ.

ಹೆಸರು ಒಪ್ಪಿಸುವ ಕೆಲಸಕ್ಕೆ ಭಾರತದ ತರಗತಿಗಳಲ್ಲಿ ನಿಯತವಾದ ಹುದ್ದೆಯೇ ಇದೆ. ಕರಿಹಲಗೆಯ ಮೂಲೆಯಲ್ಲಿ ಮಾತಾಡಿದವರ ಹೆಸರು ಬರೆಯುವ ಮಾನಿಟರ್‌ನ ವಂಶಾವಳಿ ಸ್ವಾರಸ್ಯಕರವಾದದ್ದು. 1789ರಲ್ಲಿ ಮದರಾಸಿನ ಎಗ್ಮೋರಿನಲ್ಲಿದ್ದ ಅನಾಥ ಬಾಲಕರ ಶಾಲೆಯ ಹೊಣೆ ಹೊತ್ತ ಪಾದ್ರಿ ಆಂಡ್ರ್ಯೂ ಬೆಲ್, ದಕ್ಷಿಣ ಭಾರತದ ಜಗಲಿ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುವುದನ್ನು ಕಂಡು, ಹಿರಿಯ ಮಕ್ಕಳಿಂದ ಕಿರಿಯರಿಗೆ ಕಲಿಸುವ ಪದ್ಧತಿಯನ್ನು ರೂಪಿಸಿ, 1797ರಲ್ಲಿ ಲಂಡನ್ನಿನಲ್ಲಿ ವರದಿಯನ್ನು ಅಚ್ಚು ಹಾಕಿಸಿದ. ಮದರಾಸು ಪದ್ಧತಿಯೆಂದು ಹೆಸರಾದ ಅದು ಜೋಸೆಫ್ ಲ್ಯಾಂಕಾಸ್ಟರನ ಸಮಾನ ಪ್ರಯತ್ನದೊಡನೆ ಇಂಗ್ಲೆಂಡಿನಲ್ಲಿ ಹಬ್ಬಿತು. ಹಳೆಯ ಜಗಲಿ ಶಾಲೆಯಲ್ಲಿ ಕಲಿಸುವ ಜೊತೆಗಾರನಾಗಿದ್ದ ಹಿರಿಯ ಹುಡುಗ ಈ ಸುತ್ತಾಟದ ಕೊನೆಗೆ ಬಹುಮಟ್ಟಿಗೆ ಕಾಯುವ ಜೊತೆಗಾರನಾಗಿ ಮಾರ್ಪಟ್ಟ. ಇಂಗ್ಲೆಂಡಿನ ಹಣವಂತರ ವಸತಿ ಶಾಲೆಗಳಲ್ಲಿಯೂ, ವಿಶೇಷವಾಗಿ 1828ರಿಂದ ರಗ್ಬಿ ಶಾಲೆಯ ಮುಖ್ಯಸ್ಥನಾಗಿದ್ದ ಥಾಮಸ್ ಆರ್ನಾಲ್ಡನ ಕಾಲದಿಂದ, ಹಿರಿಯ ವಿದ್ಯಾರ್ಥಿಗಳಿಗೆ ಅಧಿಕಾರ ವಹಿಸುವ ಕ್ರಮ ಗಟ್ಟಿಯಾಯಿತು. ಶಿಕ್ಷಕನಿಗೆ ಇದು ಅಗ್ಗದ ಸೌಕರ್ಯ. ವರ್ಷವಿಡೀ ಒಬ್ಬನೇ ಮಾನಿಟರ್ ಆಗಿರುವ ತರಗತಿಯಲ್ಲಿ ಆ ಒಬ್ಬನು ಕಳೆದುಕೊಳ್ಳುವ ಗೆಳೆಯರ ಲೆಕ್ಕವನ್ನು ಯಾವ ಹಾಜರಿ ಪುಸ್ತಕವೂ ಇಡುವುದಿಲ್ಲ.

ಜಪಾನಿನ ಪ್ರಾಥಮಿಕ ಶಾಲೆ ಇದೇ ಸಮಸ್ಯೆಯನ್ನು ಸರದಿಯ ಮೂಲಕ ಬಿಡಿಸಿಕೊಂಡಿದೆ. ಅಲ್ಲಿ ತರಗತಿಯನ್ನು ‘ಹಾನ್’ ಎಂಬ ಪುಟ್ಟ ತಂಡಗಳಾಗಿ ವಿಂಗಡಿಸುತ್ತಾರೆ. ಊಟ ಬಡಿಸುವುದು, ಕಸ ಗುಡಿಸುವುದು, ನೆಲ ಒರೆಸುವುದು ಈ ತಂಡಗಳಿಗೆ ಸೇರಿದ ಕೆಲಸ. ದಿನದ ಮುಂದಾಳುತನ ‘ತೋಬಾನ್’ ಎಂಬ ಪಾಳಿಯಲ್ಲಿ ಎಲ್ಲರಿಗೂ ಬರುತ್ತದೆ, ಅಂಜುಬುರುಕನಿಗೂ ತುಂಟನಿಗೂ ಒಂದೇ ರೀತಿ. ಇಂದು ಆಜ್ಞಾಪಿಸಿದವನು ನಾಳೆ ಆಜ್ಞೆ ಕೇಳಬೇಕಾದ್ದರಿಂದ ಅಧಿಕಾರ ಹದವಾಗಿರುತ್ತದೆಂದು ಕ್ಯಾಥರೀನ್ ಲೂಯಿಸ್ ತಮ್ಮ 1995ರ ಗ್ರಂಥದಲ್ಲಿ ವಿವರಿಸಿದ್ದಾರೆ. ಜೋಸೆಫ್ ಟೋಬಿನ್ ಮತ್ತು ಸಂಗಡಿಗರು ಕ್ಯೋಟೋದ ಶಿಶುವಿಹಾರವೊಂದರಲ್ಲಿ ಚಿತ್ರೀಕರಿಸಿ 1989ರಲ್ಲಿ ಚರ್ಚಿಸಿದ ದೃಶ್ಯಗಳಲ್ಲಿ, ಮಕ್ಕಳ ಜಗಳಕ್ಕೆ ಶಿಕ್ಷಕಿ ಕೈಹಾಕದೆ, ಅವರೇ ಬಗೆಹರಿಸಿಕೊಳ್ಳಲಿ ಎಂದು ದೂರದಿಂದ ನೋಡುತ್ತ ನಿಲ್ಲುತ್ತಾಳೆ. ಇದನ್ನು ಕಂಡ ಅಮೆರಿಕದ ಶಿಕ್ಷಕರು ನಿರ್ಲಕ್ಷ್ಯವೆಂದು ಭಾವಿಸಿದರು.

ಆದರೆ ಈ ಹೊಗಳಿಕೆಯನ್ನು ಅಲ್ಲಿಗೇ ನಿಲ್ಲಿಸಬೇಕಾಗುತ್ತದೆ, ಯಾಕೆಂದರೆ ಅದೇ ದೇಶದ ಪ್ರೌಢಶಾಲೆಗಳಿಗೆ ಬಂದಾಗ ಚಿತ್ರ ಬಿಗಿಯಾಗುತ್ತದೆ. ಕೂದಲಿನ ಬಣ್ಣ, ಒಳಉಡುಪಿನ ಬಣ್ಣದವರೆಗೆ ನಿಯಮಗಳು ಚಾಚಿಕೊಂಡಿವೆ. ಹುಟ್ಟಿನಿಂದಲೇ ಕಂದು ಛಾಯೆಯ ತನ್ನ ಕೂದಲಿಗೆ ಕಪ್ಪು ಬಣ್ಣ ಹಚ್ಚುವಂತೆ ಒತ್ತಾಯಿಸಲಾಯಿತೆಂದು ಒಸಾಕಾ ಪ್ರಾಂತದ ವಿದ್ಯಾರ್ಥಿನಿಯೊಬ್ಬಳು 2017ರಲ್ಲಿ ಹೂಡಿದ ದಾವೆಯಲ್ಲಿ ನ್ಯಾಯಾಲಯ 2021ರಲ್ಲಿ ಪರಿಹಾರ ಕೊಡಿಸಿತಾದರೂ, ಕೇಶ ನಿಯಮ ಶಾಲೆಯ ವಿವೇಚನೆಗೆ ಸೇರಿದ್ದೆಂಬುದನ್ನು ಎತ್ತಿಹಿಡಿಯಿತು. ಟೋಕಿಯೋ ಮಹಾನಗರ ಆಡಳಿತ ತನ್ನ ಪ್ರೌಢಶಾಲೆಗಳಲ್ಲಿ ಇಂಥ ಕೆಲವು ನಿಯಮಗಳನ್ನು 2022ರ ಏಪ್ರಿಲಿನಿಂದ ಕೈಬಿಟ್ಟಿತು. ಇದಕ್ಕಿಂತ ಆಳವಾದ ಸಮಸ್ಯೆ ತಂಡದೊಳಗೇ ಹುಟ್ಟುವ ಕಿರುಕುಳದ್ದು. ಕಿರುಕುಳಕ್ಕೆ ಕೊಡುವವನು, ಪಡುವವನು ಮಾತ್ರವಲ್ಲದೆ ನಕ್ಕು ಹುರಿದುಂಬಿಸುವವರು ಮತ್ತು ಕಂಡೂ ಕಾಣದಂತಿರುವವರು ಎಂಬ ಇನ್ನೆರಡು ಪದರಗಳಿವೆಯೆಂದು ಮೊರಿತಾ ಯೋಜಿ 1986ರಷ್ಟು ಹಿಂದೆಯೇ ತೋರಿಸಿದ್ದರು. ಒತ್ಸು ನಗರದ ವಿದ್ಯಾರ್ಥಿಯೊಬ್ಬನ ಆತ್ಮಹತ್ಯೆಯ ಬಳಿಕ 2013ರಲ್ಲಿ ಜಪಾನು ಕಿರುಕುಳ ತಡೆಗೆ ಕಾಯ್ದೆಯನ್ನೇ ಮಾಡಿತು. ಎಲ್ಲರೂ ಒಟ್ಟಿಗಿರಬೇಕೆಂಬ ನಿಯಮ ಬಲವಾದಷ್ಟೂ ಗುಂಪಿನಿಂದ ಹೊರಬೀಳುವ ಭಯವೂ ಬಲವಾಗುತ್ತದೆ. ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 2009ರಿಂದ ಆ ದೇಶದಾದ್ಯಂತ ಹರಡಿದ ‘ಕಿವಾ’ ಕಾರ್ಯಕ್ರಮ ಗಮನ ಹರಿಸಿದ್ದು ಈ ನೋಡುಗರ ಪದರದ ಮೇಲೆಯೇ. ಅದು ಮಕ್ಕಳಿಂದ ಬಯಸುವುದರಲ್ಲಿ ಮುಖ್ಯವಾದದ್ದು ನೊಂದವನ ಪಕ್ಕಕ್ಕೆ ಹೋಗಿ ನಿಲ್ಲುವುದು. ವೆಸ್ಟ್ ಪಾಯಿಂಟಿನ ಸಂಹಿತೆ ಬಯಸಿದ್ದು ದೂರು. ಸಾಕ್ಷಿಯಾದವನಿಗೆ ಎರಡೂ ಕರ್ತವ್ಯ ವಿಧಿಸುತ್ತವೆ, ಆದರೆ ಮೊದಲನೆಯದರಲ್ಲಿ ಆ ಕರ್ತವ್ಯ ಸ್ನೇಹದ ರೂಪದಲ್ಲಿಯೇ ಬರುತ್ತದೆ.

ಚೀನಾದ ಕುರಿತು ಒಂದು ಮಾತು. ಮೋನಿಕಾ ಕೆಲ್ಲರ್ ಮತ್ತು ಸಂಗಡಿಗರು ಐಸ್‌ಲ್ಯಾಂಡ್ ಮತ್ತು ಚೀನಾದ ಮಕ್ಕಳ ಮುಂದೆ ಒಂದೇ ಇಕ್ಕಟ್ಟನ್ನು ಇಟ್ಟರು: ಹಳೆಯ ಗೆಳೆಯನಿಗೆ ಬರುತ್ತೇನೆಂದು ಮಾತು ಕೊಟ್ಟ ದಿನವೇ, ತರಗತಿಗೆ ಹೊಸದಾಗಿ ಬಂದ ಮಗು ಕರೆಯುತ್ತದೆ. 1998ರಲ್ಲಿ ಪ್ರಕಟವಾದ ಆ ಹೋಲಿಕೆಯಲ್ಲಿ ಐಸ್‌ಲ್ಯಾಂಡಿನ ಮಕ್ಕಳು ಕೊಟ್ಟ ಮಾತಿಗೂ ಆಪ್ತತೆಗೂ ತೂಕ ಕೊಟ್ಟರೆ, ಚೀನಾದ ಕಿರಿಯ ಮಕ್ಕಳು ಹೊಸಬನ ಒಂಟಿತನವನ್ನು ಹೆಚ್ಚಾಗಿ ಎಣಿಸಿದರು. ಪೂರ್ವದ ಮಕ್ಕಳೆಂದರೆ ತಮ್ಮವರಿಗಷ್ಟೇ ಮಿಡಿಯುವವರು ಎಂಬ ಸಾಮಾನ್ಯೀಕರಣಕ್ಕೆ ಇದೊಂದೇ ಫಲಿತಾಂಶ ಸಾಕಷ್ಟು ತೊಡಕೊಡ್ಡುತ್ತದೆ.

ಸ್ನೇಹ ಯಾರ ನಡುವೆ ಆಗಬಾರದೆಂದು ವಿಧಿಸುವ ನಿಯಮಗಳು ಎಲ್ಲೆಡೆಯೂ ಇವೆ, ಅವುಗಳ ಬಗ್ಗೆ ಬಹಳ ಹೇಳಬೇಕಾಗಿಲ್ಲ. ಹುಡುಗ ಹುಡುಗಿಯರು ಮಾತಾಡಿದರೆ ದಂಡ ಹಾಕುವ ಕಾಲೇಜುಗಳಲ್ಲಿ ಮಾತು ನಿಲ್ಲುವುದಿಲ್ಲ, ಬಸ್ ನಿಲ್ದಾಣಕ್ಕೂ ಮೊಬೈಲಿಗೂ ವರ್ಗವಾಗುತ್ತದೆ. ಬರೆಯದ ನಿಯಮಗಳು ಇವಕ್ಕಿಂತ ಗಟ್ಟಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು, ಬೆಂಗಳೂರು, ಧಾರವಾಡಗಳಲ್ಲಿ ಜಾತಿ ಸಂಘಗಳು ತೆರೆದ ವಿದ್ಯಾರ್ಥಿ ನಿಲಯಗಳು ಹಳ್ಳಿಯ ಬಡ ಹುಡುಗರಿಗೆ ಪೇಟೆಯ ಓದನ್ನು ಸಾಧ್ಯವಾಗಿಸಿದವು. ಆ ಉಪಕಾರ ಸಣ್ಣದಲ್ಲ. ಅದರ ಜೊತೆಗೇ, ಹಗಲು ಒಂದೇ ಬೆಂಚಿನಲ್ಲಿ ಕುಳಿತವರು ರಾತ್ರಿಯ ಊಟಕ್ಕೂ ಹರಟೆಗೂ ಬೇರೆ ಬೇರೆ ಕಟ್ಟಡಗಳಿಗೆ ಹೋಗುವಂತೆಯೂ ಅವು ಮಾಡಿದವು, ಮತ್ತು ಜೀವನಪರ್ಯಂತ ಉಳಿಯುವ ಸ್ನೇಹ ಬೆಳೆಯುವುದು ಬೆಂಚಿಗಿಂತ ಹೆಚ್ಚಾಗಿ ಊಟದ ಸಾಲಿನಲ್ಲಿ.

ಹಾಗಾದರೆ ಸ್ನೇಹವನ್ನು ನಿಯಮದಿಂದ ಹುಟ್ಟಿಸಬಹುದೇ? ಷಿಕಾಗೋದ ಶಿಶುವಿಹಾರದ ಶಿಕ್ಷಕಿ ವಿವಿಯನ್ ಪೇಲಿ, ಆಟಕ್ಕೆ ಬರುವ ಯಾರನ್ನೂ ಬರಬೇಡವೆನ್ನುವಂತಿಲ್ಲ ಎಂಬ ಒಂದೇ ನಿಯಮವನ್ನು ತನ್ನ ತರಗತಿಗೆ ತಂದು, ಅದರ ಕುರಿತು ಶಾಲೆಯ ಹಿರಿಯ ಮಕ್ಕಳೊಡನೆಯೂ ಚರ್ಚಿಸಿ 1992ರಲ್ಲಿ ಪುಸ್ತಕ ಬರೆದಳು. ಇದು ನ್ಯಾಯವೇನೋ ಹೌದು, ನಡೆಯುವುದು ಮಾತ್ರ ಕಷ್ಟ ಎಂಬುದು ಹಿರಿಯ ಮಕ್ಕಳ ಸಾಮಾನ್ಯ ಅಭಿಪ್ರಾಯವಾಗಿತ್ತು. ಟ್ಯೂರಿಯೆಲ್ಲನ ವೈಯಕ್ತಿಕ ವಲಯಕ್ಕೆ ಕೈಹಾಕಿದಾಗ ಬರಬೇಕಾದ ಪ್ರತಿಕ್ರಿಯೆಯೇ ಅದು. ಪೇಲಿಯ ನಿಯಮ ಗೆಳೆತನವನ್ನು ಕಡ್ಡಾಯ ಮಾಡಲಿಲ್ಲ, ಹೊರಗಿಡುವುದನ್ನು ನಿಷೇಧಿಸಿತಷ್ಟೇ, ಮತ್ತು ಆ ಜಾಣ್ಮೆಯಿಂದಲೇ ಅದು ಬದುಕಿತು. ವರ್ಣಭೇದದ ಶಾಲೆಗಳು ಒಂದಾಗುತ್ತಿದ್ದ ಹೊತ್ತಿನಲ್ಲಿ, 1971ರಲ್ಲಿ ಟೆಕ್ಸಾಸಿನ ಆಸ್ಟಿನ್ನಿನಲ್ಲಿ ಎಲಿಯಟ್ ಆರನ್ಸನ್ ರೂಪಿಸಿದ ವಿಧಾನವೂ ಇದೇ ಜಾಣ್ಮೆಯದು: ಪಾಠವನ್ನು ತುಂಡುಮಾಡಿ ತಂಡದ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ಟರೆ, ಇನ್ನೊಬ್ಬನ ಮಾತನ್ನು ಕೇಳದೆ ಯಾರಿಗೂ ಪಾಠ ಪೂರ್ತಿಯಾಗದು.

ಭಾರತದಲ್ಲಿ ಇದಕ್ಕೆ ಸಮನಾದ ದೊಡ್ಡ ಪ್ರಯೋಗವೆಂದರೆ, ಖಾಸಗಿ ಶಾಲೆಗಳ ಪ್ರವೇಶ ತರಗತಿಯಲ್ಲಿ ಶೇಕಡಾ 25ರಷ್ಟು ಸ್ಥಾನಗಳನ್ನು ದುರ್ಬಲ ವರ್ಗಗಳ ಮಕ್ಕಳಿಗೆ ಮೀಸಲಿಟ್ಟ 2009ರ ಶಿಕ್ಷಣ ಹಕ್ಕು ಕಾಯ್ದೆಯ ವಿಧಿ. ಅದಕ್ಕೂ ಮೊದಲೇ ಇಂಥ ನೀತಿ ಜಾರಿಯಲ್ಲಿದ್ದ ದೆಹಲಿಯ ಶ್ರೀಮಂತ ಶಾಲೆಗಳಲ್ಲಿ ಅರ್ಥಶಾಸ್ತ್ರಜ್ಞ ಗೌತಮ್ ರಾವ್ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ, ಬಡ ಸಹಪಾಠಿಗಳೊಡನೆ ಕಲಿತ ಶ್ರೀಮಂತ ಮಕ್ಕಳು ಹೆಚ್ಚು ಉದಾರಿಗಳಾದರೆಂದೂ, ಆಟದ ತಂಡ ಕಟ್ಟುವಾಗ ಬಡವರನ್ನು ಹೊರಗಿಡುವುದು ಕಡಿಮೆಯಾಯಿತೆಂದೂ ತೋರಿಸಿತು. ಇದರಲ್ಲಿ ಒಂದು ವಿವರ ವಿಶೇಷ ಗಮನಕ್ಕೆ ಅರ್ಹ. ಕೆಲವು ಶಾಲೆಗಳು ಅಧ್ಯಯನ ತಂಡಗಳನ್ನು ಹೆಸರಿನ ಅಕ್ಷರಾನುಕ್ರಮದಲ್ಲಿ ರಚಿಸುತ್ತಿದ್ದುದರಿಂದ, ಹಾಜರಿ ಪುಸ್ತಕದಲ್ಲಿ ಯಾವ ಮಗುವಿನ ಹೆಸರು ಬಡ ಮಗುವಿನ ಹೆಸರಿನ ಪಕ್ಕದಲ್ಲಿ ಬಿತ್ತೋ ಆ ಮಗುವಿನಲ್ಲಿ ಬದಲಾವಣೆ ಕಂಡುಬಂತು. ಒಂದೇ ಶಾಲೆಯಲ್ಲಿ ಓದುವುದಕ್ಕಿಂತ ಒಂದೇ ತಂಡದಲ್ಲಿ ಕೂರುವುದು ಮುಖ್ಯವಾಗಿತ್ತು. ಕರ್ನಾಟಕ 2018ರ ಡಿಸೆಂಬರಿನಲ್ಲಿ ನಿಯಮಗಳಿಗೆ ತಿದ್ದುಪಡಿ ತಂದು, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆ ಈ ಮೀಸಲು ಸ್ಥಾನಗಳನ್ನು ಕೊಡಬೇಕಿಲ್ಲವೆಂದು ಮಾಡಿದ ಮೇಲೆ, 2019–20ರಿಂದ ರಾಜ್ಯದಲ್ಲಿ ಅಂಥ ಪ್ರವೇಶಗಳು ಬಹುವಾಗಿ ಇಳಿದವು. ತಿದ್ದುಪಡಿಯ ಪರವಾಗಿ ಬಂದ ವಾದಗಳು ಮುಖ್ಯವಾಗಿ ಸರ್ಕಾರಿ ಶಾಲೆಗಳ ದಾಖಲಾತಿಯನ್ನೂ ಖಜಾನೆಯ ವೆಚ್ಚವನ್ನೂ ಕುರಿತವಾಗಿದ್ದವು. ಹಾಜರಿ ಪುಸ್ತಕದಲ್ಲಿ ಯಾರ ಹೆಸರಿನ ಪಕ್ಕದಲ್ಲಿ ಯಾರ ಹೆಸರು ಬರುತ್ತದೆ ಎಂಬುದು ಆ ಚರ್ಚೆಯ ವಿಷಯವಾಗಲಿಲ್ಲ.